ಹಸಿ ಕೆರೆಗೋಡು ಇನ್ನು ಕೊಡುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಈ ಬೇಸಿಗೆಯಿಂದ ನಮ್ಮ ಸಂಘದಲ್ಲಿ ಹಸಿ ಕೆರೆಗೋಡು, ಅಂದರೆ ಕೆರೆಯ ತಳದ ಹೂಳುಮಣ್ಣು, ಸಿಗುವುದಿಲ್ಲ. ಒಣಗಿಸಿ, ಹೆಂಟೆ ಒಡೆದು, ಪರೀಕ್ಷೆ ಮಾಡಿದ ಗೋಡನ್ನು ಮಾತ್ರ ಕೊಡುತ್ತೇವೆ. ಆ ರಾಶಿಯ ರಸಸಾರ, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಅಂಕಿ ಎಷ್ಟಿದೆ ಅಂತ ಚೀಲದ ಮೇಲೆ ಬರೆದಿರುತ್ತೇವೆ. ಗೋಡು ಕೊಳ್ಳಲು ಬರುವಾಗ ನಿಮ್ಮ ಮಣ್ಣನ್ನೂ ಒಂದಿಷ್ಟು ತನ್ನಿ ಅಂತ ಕೇಳುತ್ತೇವೆ. ಇಷ್ಟು ವರ್ಷ ಇಲ್ಲದ ಈ ನಿಯಮ ಈಗ ಯಾಕೆ ಅಂತ ನಿಮಗೆ ಹೇಳಲೇಬೇಕು.

ಹೋದ ವರ್ಷ ಬೆಂಗಳೂರಿನಿಂದ ಬರುವ ನಮ್ಮ ಹಳೆಯ ಗ್ರಾಹಕರೊಬ್ಬರು ಮಲ್ಲಿಗೆ ಕುಂಡವನ್ನೇ ಕಾರಿನಲ್ಲಿಟ್ಟುಕೊಂಡು ಬಂದರು. ಚಿಗುರೆಲೆಗಳೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು, ನರ ಮಾತ್ರ ಹಸಿರು. ಮೇಲಿನ ಮಣ್ಣು ಗಾರೆಯ ಹಾಗೆ ಗಟ್ಟಿಯಾಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿತ್ತು. ನೀರು ಹುಯ್ದರೆ ಆ ಬಿರುಕಿನಲ್ಲೇ ಸೀದಾ ತಳಕ್ಕೆ ಇಳಿದುಹೋಗುತ್ತಿತ್ತು, ಬೇರಿಗೆ ತಾಗುತ್ತಲೇ ಇರಲಿಲ್ಲ. ಕುಂಡದಲ್ಲಿ ಮುಕ್ಕಾಲು ಭಾಗ ನಮ್ಮ ಗೋಡು. "ವಾಸನೆ ಬರ್ತಿದೆ ಅಂದ್ರೆ ಹುಳಿ ಆಗಿದೆ, ಒಂದು ಹಿಡಿ ಸುಣ್ಣ ಹಾಕಿಮ್ಮಾ" ಅಂತ ಹೇಳಿ ಕಳಿಸಿದ್ದೂ ನಾವೇ. ಆ ಮಣ್ಣನ್ನು ಪರೀಕ್ಷೆ ಮಾಡಿದಾಗ ಪಿಎಚ್ 8.4 ಬಂತು. ಹುಳಿಯ ಸುಳಿವೇ ಇಲ್ಲ. ಚೌಳಿನ, ಅಂದರೆ ಕ್ಷಾರದ ಕಡೆಗೆ ವಾಲಿದ ಮಣ್ಣಿಗೆ ಸುಣ್ಣ ಹಾಕಿಸಿ, ಬೋರ್‌ವೆಲ್‌ನ ಗಡಸು ನೀರೂ ಸೇರಿ, ಗಿಡ ಕಬ್ಬಿಣದ ಅಂಶ ಎಳೆದುಕೊಳ್ಳದ ಹಾಗೆ ಮಾಡಿಬಿಟ್ಟಿದ್ದೆವು. ತಪ್ಪು ನಮ್ಮದು. ಅವರಿಗೆ ಕ್ಷಮೆ ಕೇಳಿದ್ದೇವೆ, ಇಲ್ಲೂ ಕೇಳುತ್ತೇವೆ.

ಆ ಮಲ್ಲಿಗೆಯನ್ನು ಕೆಮ್ಮಣ್ಣು, ಕಾಂಪೋಸ್ಟ್ ಹಾಕಿದ ಬೇರೆ ಕುಂಡಕ್ಕೆ ಬದಲಾಯಿಸಿದೆವು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಅಂಶ ಇರುವ ಫೆರಸ್ ಸಲ್ಫೇಟ್), ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆವು. ಹೊಸ ಚಿಗುರು ಹಸಿರಾಗಿಯೇ ಬಂತು.

ಕೆರೆಗೋಡು ಕೆಟ್ಟದ್ದಲ್ಲ. ನಮ್ಮ ಕೋಲಾರದ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ, ಬದುಕೆಲ್ಲ ಕೆರೆಯ ಮೇಲೆ. ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ಗಾಡಿ ಕಟ್ಟಿ ಹೊಲಕ್ಕೆ ಗೋಡು ಹೊಡೆಯುವುದು ಅಜ್ಜ ಮುತ್ತಜ್ಜನ ಕಾಲದ ರೂಢಿ. ಮರಳು ಜಾಸ್ತಿ ಇರುವ ಕೆಂಪು ಹೊಲಕ್ಕೆ ಗೋಡಿನ ಜೇಡಿ ಸೇರಿದರೆ ತೇವ ನಿಲ್ಲುತ್ತದೆ, ಮಳೆ ಒಂದು ವಾರ ಕೈಕೊಟ್ಟರೂ ರಾಗಿ ತಡೆದುಕೊಳ್ಳುತ್ತದೆ. ಆದರೆ ಹೊಲದಲ್ಲಿ ಒಳ್ಳೆಯದು ಮಾಡುವ ಅದೇ ಜೇಡಿ ಕುಂಡದಲ್ಲಿ ಜಾಸ್ತಿಯಾದರೆ ಬೇರಿಗೆ ಉಸಿರು ಕಟ್ಟುತ್ತದೆ. ಇನ್ನೊಂದು ವಿಷಯ. ಗೋಡಿನಲ್ಲಿ ಸಾರಜನಕ ಅಷ್ಟೇನೂ ಇರುವುದಿಲ್ಲ. ಹಾಗಾಗಿ ಅದು ಕೊಟ್ಟಿಗೆ ಗೊಬ್ಬರಕ್ಕೆ ಬದಲಿ ಅಲ್ಲ, ಅದರ ಜೊತೆಗಾರ. ಕುಂಡಕ್ಕಾದರೆ ನಾಲ್ಕರಲ್ಲಿ ಒಂದು ಪಾಲು ಸಾಕು.

ಒಣಗಿಸುವುದು ಯಾಕೆ? ಗಾಳಿಯಾಡದ ಕಪ್ಪು ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದಲ್ವಾ, ಅದು ಗಂಧಕದ್ದು. ಅಂಥ ಕೆಸರು ಒಣಗಿ ಗಾಳಿ ತಾಗಿದಾಗ ಆ ಗಂಧಕ ಆಮ್ಲವಾಗಿ ಪಿಎಚ್ ಇಳಿಸಬಹುದು. ಕರಾವಳಿಯ ಉಪ್ಪುನೀರಿನ ಕೆಸರಿನಲ್ಲಿ ಇದು ಜಾಸ್ತಿ. ಹಸಿಯಾಗಿದ್ದಾಗಿನ ಲೆಕ್ಕ ಒಣಗಿದ ಮೇಲೆ ನಿಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ವಾಸನೆ ನೋಡಿ ಹುಳಿ ಅಂತ ಹೇಳುವುದಂತೂ ಸುಮ್ನೆ ಊಹೆ. ಈಗ ಗೋಡನ್ನು ತೆಳ್ಳಗೆ ಹರಡಿ, ಮಗುಚಿ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಪರೀಕ್ಷೆ ಮಾಡುತ್ತೇವೆ. ಬಿಸಿಲಿಗೆ ಜೊಂಡಿನ ಬೇರೂ ಸಾಯುತ್ತದೆ.

ಪರೀಕ್ಷೆಯನ್ನು ನೀವು ಮನೆಯಲ್ಲೂ ಮಾಡಬಹುದು. ನೆರಳಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣು 20 ಗ್ರಾಂ, ಡಿಸ್ಟಿಲ್ಡ್ ವಾಟರ್ 50 ಎಂ.ಎಲ್. ಗಾಜಿನ ಲೋಟದಲ್ಲಿ ಆಗಾಗ ಕಲಕುತ್ತಾ ಅರ್ಧ ಗಂಟೆ ಬಿಡಿ. ಆಮೇಲೆ ಪಿಎಚ್ ಪೇಪರ್ ಅದ್ದಿ ಬಣ್ಣ ನೋಡಿ. ನಲ್ಲಿ ನೀರು, ಬೋರ್ ನೀರು ಬೇಡ, ಅದರ ಗಡಸು ಲೆಕ್ಕ ಕೆಡಿಸುತ್ತದೆ. 7 ಅಂದರೆ ಸಮ. ಕೆಳಗೆ ಹೋದರೆ ಹುಳಿ, ಮೇಲೆ ಹೋದರೆ ಕ್ಷಾರ. ಒಂದೇ ಅಂಕಿ ವ್ಯತ್ಯಾಸ ಅಂತ ಸಸಾರ ಮಾಡಬೇಡಿ, 6ಕ್ಕಿಂತ 5 ಹತ್ತು ಪಟ್ಟು ಹುಳಿ. 6ರಿಂದ 7.5ರ ಒಳಗಿದ್ದರೆ ಹೆಚ್ಚಿನ ತರಕಾರಿ, ಹೂಗಿಡ ನೆಮ್ಮದಿಯಾಗಿರುತ್ತವೆ. 5.5ಕ್ಕಿಂತ ಕೆಳಗಿದ್ದರೆ ಮಾತ್ರ ಸುಣ್ಣದ ಮಾತು. ಮಲೆನಾಡು, ಕರಾವಳಿಯಲ್ಲಿ ಮಳೆ ಜಾಸ್ತಿ, ಸುಣ್ಣದ ಅಂಶ ಬಸಿದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿಯ ಅಡಿಕೆ ತೋಟಕ್ಕೆ ಹೇಳುವ ಸುಣ್ಣವನ್ನು ನಮ್ಮ ಬಯಲುಸೀಮೆಯ ಕುಂಡಕ್ಕೆ ಹಾಕುವುದಲ್ಲ.

ಹೊಲದ ಮಣ್ಣಾದರೆ ಎಂಟು ಹತ್ತು ಕಡೆ ಒಂದು ಗೇಣು ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ತನ್ನಿ. ಬದುವಿನ ಮೇಲಿನದು, ತಿಪ್ಪೆ ಪಕ್ಕದ್ದು, ಮರದ ಬುಡದ್ದು ಬೇಡ. ನಾವು ನೋಡುವುದು ರಸಸಾರ ಮಾತ್ರ, ಅದಕ್ಕೆ ದುಡ್ಡಿಲ್ಲ. ಪೂರ್ತಿ ಪರೀಕ್ಷೆ ಬೇಕಿದ್ದರೆ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ತುಂಬಾ ಜನ ಕೇಳುವ ಪ್ರಶ್ನೆ ಒಂದಿದೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳ ಗೋಡು ನಿಮ್ಮ ಚೀಲದಲ್ಲಿ ಇದೆಯಾ ಅಂತ. ಇಲ್ಲ. ಮಳೆ ನೀರೇ ತುಂಬುವ ಕೆರೆಗಳಿಂದ ಮಾತ್ರ ತರುತ್ತೇವೆ. ಸೀಸ, ಕ್ಯಾಡ್ಮಿಯಂ ಥರದ ಲೋಹಗಳು ಇವೆಯೋ ಇಲ್ಲವೋ ಅಂತ ಪಿಎಚ್ ಪೇಪರ್ ಹೇಳುವುದಿಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಚರಂಡಿ ನೀರು ಸೇರುವ ಕೆರೆಯ ಗೋಡನ್ನು ಸೊಪ್ಪು ತರಕಾರಿಗೆ ಯಾರೇ ಕೊಟ್ಟರೂ ಹಾಕಬೇಡಿ.

ಇನ್ನು ಅಳತೆ. ಹಸಿ ಗೋಡನ್ನು ಕೆಜಿ ಲೆಕ್ಕದಲ್ಲಿ ಕೊಡುತ್ತಿದ್ದೆವು. ಅದರಲ್ಲಿ ನೀರಿನ ತೂಕಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಇನ್ನು ಬಾಂಡ್ಲಿ ಲೆಕ್ಕ, ಚೀಲಕ್ಕೆ ಎರಡು ಬಾಂಡ್ಲಿ. ಚೀಲ ಹಗುರವಾಗಿದೆ ಅನ್ನಿಸಿದರೆ ಗೋಡು ಕಡಿಮೆ ಆಗಿದೆ ಅಂದುಕೊಳ್ಳಬೇಡಿ. ಚೀಲದ ಬೆಲೆ ಹಿಂದಿನದೇ. ಒಣಗಲು ಸಮಯ ಬೇಕಾದ್ದರಿಂದ, ಟ್ರ್ಯಾಕ್ಟರ್ ಲೋಡ್ ಬೇಕಾದವರು ಮುಂಚೆಯೇ ಹೇಳಿಟ್ಟರೆ ಮುಂಗಾರಿಗೆ ಮೊದಲು ತಲುಪಿಸುತ್ತೇವೆ.

ಹಳೆಯ ಹಸಿ ಗೋಡಿನ ಚೀಲ ಮನೆಯಲ್ಲಿ ಉಳಿದಿದ್ದರೆ ವಾಪಸ್ ತನ್ನಿ, ಒಣಗಿದ್ದನ್ನು ಕೊಡುತ್ತೇವೆ. ಆಗಲೇ ಕುಂಡಕ್ಕೆ ತುಂಬಿ, ಎಲೆ ಹಳದಿಯಾಗಿದ್ದರೆ ಸುಣ್ಣ, ಬೂದಿ ಏನೂ ಹಾಕಬೇಡಿ. ಒಂದು ಹಿಡಿ ಮಣ್ಣು, ಎರಡು ಎಲೆ ಹಿಡಿದು ಬನ್ನಿ.

ಇಂತಿ ನಿಮ್ಮ,
ಕಾರ್ಯದರ್ಶಿ ಮತ್ತು ಸಂಘದ ಎಲ್ಲ ಸದಸ್ಯರು