ಅಪ್ಪಯ್ಯ ಕತ್ತಿ ಅದ್ದಿ ನೋಡಿದರು

ಅಪ್ಪಯ್ಯನಿಗೆ ಲಕ್ವ ಹೊಡೆದು ಮೊನ್ನೆಗೆ ಒಂದು ವರ್ಷ ಆಯಿತು. ಈ ಒಂದು ವರ್ಷದಲ್ಲಿ ಎಷ್ಟೋ ಜನ ನಮ್ಮ ಕೈ ಹಿಡಿದರು. ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಲು ಆಗಿರಲಿಲ್ಲ. ಅದಕ್ಕೇ ಈ ಬರಹ.

ಮೊದಲು ಪಕ್ಕದ ಮನೆ ಭಾವನಿಗೆ. ಬೆಳಗ್ಗೆ ಅಪ್ಪಯ್ಯನ ಬಲಗೈಯಿಂದ ಕಾಫಿ ಲೋಟ ಜಾರಿತು, ಬಾಯಿ ಒಂದು ಕಡೆ ಎಳೆಯಿತು. ಭಾವ ಏನೂ ಕೇಳದೆ ಜೀಪು ತೆಗೆದರು. ಎರಡು ಗಂಟೆಯೊಳಗೆ ಶಿವಮೊಗ್ಗ ಮುಟ್ಟಿದೆವು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಅದು ಸಿಕ್ಕಿತು. ಹದಿನೈದು ದಿನದಲ್ಲಿ ಕೋಲು ಹಿಡಿದು ನಡೆದರು. ಎಲ್ಲ ಸರಿಹೋಯಿತು ಅಂದುಕೊಂಡೆವು.

ಆಮೇಲೆ ಮಳೆ ಹಿಡಿಯಿತು. ಸಾಗರದ ಕಡೆಯ ಮಳೆಗಾಲ ಗೊತ್ತಲ್ವಾ? ನಮ್ಮದು ತೋಟದ ತಗ್ಗಿನಲ್ಲಿರುವ ಹೆಂಚಿನ ಮನೆ. ಮಧ್ಯಾಹ್ನವೂ ದೀಪ ಬೇಕು. ಅಪ್ಪಯ್ಯ ಜಗಲಿಯ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತುಬಿಟ್ಟರು. ಊಟ ಬೇಡ, ಮಾತು ಬೇಡ. ರಾತ್ರಿ ಎರಡಕ್ಕೇ ಎಚ್ಚರ. ಕೈ ಆಡಿಸುವ ವ್ಯಾಯಾಮವನ್ನೂ ಬಿಟ್ಟರು. ಜುಲೈನಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯಬೇಕು. ನಲವತ್ತು ವರ್ಷ ತೋಟ ಮಾಡಿದ ಮನುಷ್ಯ, ಹೊಡೆದಾಯಿತಾ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಹೆದರಿಕೆಯಾದದ್ದು ಆವಾಗ.

"ವಯಸ್ಸಾಯ್ತಲ್ಲ, ಹಾಗೇ ಇರುತ್ತೆ" ಅಂದವರು ತುಂಬಾ ಜನ. ನಾನೇ ಎಷ್ಟೋ ಸಲ ಹಠ ಅಂತ ಬೈದಿದ್ದೇನೆ. ಅದು ಈಗಲೂ ಚುಚ್ಚುತ್ತದೆ. ಕಣ್ಣು ತೆರೆಸಿದ್ದು ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ. "ಅಣ್ಣಾ, ಇದು ಹಠ ಅಲ್ಲ. ಲಕ್ವ ಆದವರಲ್ಲಿ ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತೆ. ಮನಸ್ಸಿನ ಡಾಕ್ಟರಿಗೆ ತೋರಿಸಿ" ಅಂದಳು. ತಂಗೀ, ನಿನಗೆ ಎಷ್ಟು ಹೇಳಿದರೂ ಸಾಲದು.

ಅದೇ ವಾರ ಒಂದು ರಾತ್ರಿ ಅಪ್ಪಯ್ಯ "ಸಾಕು, ನನ್ನ ಬಿಟ್ಟುಬಿಡಿ" ಅಂದರು. ಅಮ್ಮ ಅಳುತ್ತಾ ಕೂತಳು. ನಾನು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಆ ಹೊತ್ತಿನಲ್ಲೂ ಕನ್ನಡದಲ್ಲಿ ಸಮಾಧಾನವಾಗಿ ಮಾತಾಡಿದ ಆ ಅಕ್ಕ ಯಾರೋ ಗೊತ್ತಿಲ್ಲ. ಅವರಿಗೂ ನಮಸ್ಕಾರ.

ಡಾಕ್ಟರು ಖಿನ್ನತೆಗೆ ಮಾತ್ರೆ ಶುರು ಮಾಡಿದರು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು ಅಂದರು. ರಕ್ತ ತೆಳು ಮಾಡುವ ಮಾತ್ರೆಯೂ ಇದ್ದಿದ್ದರಿಂದ ವಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ ತಕ್ಷಣ ತಿಳಿಸಿ ಅಂದರು. ವಯಸ್ಸಾದವರಿಗೆ ಸೋಡಿಯಂ ಇಳಿಯಬಹುದು ಅಂತ ಎರಡು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿದರು.

ಬೆಳಕಿನ ಚಿಕಿತ್ಸೆಯ ಸುದ್ದಿ ತಂದವಳು ಟೊರಾಂಟೊದಲ್ಲಿರುವ ನನ್ನ ತಂಗಿ. ಅಲ್ಲಿ ಚಳಿಗಾಲದ ಕತ್ತಲಿಗೆ ಮನಸ್ಸು ಕುಗ್ಗಿದವರು ಬೆಳಗ್ಗೆ ದೀಪದ ಮುಂದೆ ಕೂರುತ್ತಾರಂತೆ. 1984ರಿಂದಲೂ ಇದರ ಮೇಲೆ ಅಧ್ಯಯನ ನಡೆದಿದೆ. ಡಾಕ್ಟರಿಗೆ ಕೇಳಿದೆ. ಅವರು ನಗಲಿಲ್ಲ, ತಳ್ಳಿಹಾಕಲಿಲ್ಲ. ಕೆನಡಾದಲ್ಲಿ 122 ಜನರ ಮೇಲೆ ಎಂಟು ವಾರ ಅಧ್ಯಯನ ಮಾಡಿದಾಗ ಮಾತ್ರೆ, ಬೆಳಕು ಎರಡೂ ಪಡೆದವರು ಬರೀ ಮಾತ್ರೆ ತಿಂದವರಿಗಿಂತ ಜಾಸ್ತಿ ಸುಧಾರಿಸಿದರು ಅಂದರು. ಆದರೆ ಅವರು ಲಕ್ವದ ರೋಗಿಗಳಲ್ಲ. ಲಕ್ವ ಆದವರ ಮೇಲೆ ನಡೆದ ಅಧ್ಯಯನಗಳು ಸಣ್ಣವು. ಮಾತ್ರೆಯ ಜೊತೆಗೆ ಮಾಡೋಣ, ಮಾತ್ರೆ ಬಿಟ್ಟು ಬೇಡ ಅಂತ ಬಿಡಿಸಿ ಹೇಳಿದರು. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಅದಕ್ಕೆ ಮೊದಲು ಕಣ್ಣಿನ ಒಳಪರದೆ (ರೆಟಿನಾ) ತೋರಿಸಿಕೊಂಡು ಬರಲು ಕಳಿಸಿದರು. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ಅತಿಯಾದ ಹುರುಪಿನಲ್ಲಿ ಓಡಾಡಿದ್ದುಂಟಾ ಅಂತಲೂ ಕೇಳಿದರು. ಅಂಥವರಿಗೆ ಬೆಳಕಿನಿಂದ ಅದು ಕೆರಳಬಹುದಂತೆ. ಇಷ್ಟು ಎಚ್ಚರದಿಂದ ನೋಡಿದ ಡಾಕ್ಟರಿಗೆ ನಾವು ಋಣಿ.

ದೀಪ 10,000 ಲಕ್ಸ್‌ನದು. ಲಕ್ಸ್ ಅಂದರೆ ಬೆಳಕಿನ ಅಳತೆ. ನಮ್ಮ ಜಗಲಿಯಲ್ಲಿ ಮೊಬೈಲ್ ಇಟ್ಟು ನೋಡಿದರೆ ನೂರೂ ಇರಲಿಲ್ಲ! ಕಣ್ಣೊಳಗಿನ ಕೆಲವು ಜೀವಕೋಶಗಳು ಬೆಳಗಾಯಿತು ಅಂತ ಮಿದುಳಿನ ಗಡಿಯಾರಕ್ಕೆ ಹೇಳುತ್ತವಂತೆ. ಆ ಜಗಲಿಯಲ್ಲಿ ಕೂತವರಿಗೆ ಬೆಳಗಾಗುವುದಾದರೂ ಹೇಗೆ? ದಿನಾ ಬೆಳಗ್ಗೆ ಏಳಕ್ಕೆ ಅರ್ಧ ಗಂಟೆ, ಮುಖದಿಂದ ಒಂದೂವರೆ ಅಡಿ ದೂರ, ಸ್ವಲ್ಪ ಮೇಲಿನಿಂದ. ಅದನ್ನೇ ದಿಟ್ಟಿಸಬಾರದು. ಅಮ್ಮ ಎದುರು ಕೂತು ಪೇಪರ್ ಓದಿ ಹೇಳುತ್ತಿದ್ದಳು. ಮೊದಲ ಎರಡು ದಿನ ಸ್ವಲ್ಪ ತಲೆನೋವು ಬಂತು, ಹೋಯಿತು. ಮಳೆಗಾಲದಲ್ಲಿ ಕರೆಂಟ್ ಇರಬೇಕಲ್ಲ! ಸುಮ್ನೆ ಇತ್ತು ಅಂತ ತನ್ನ ಇನ್ವರ್ಟರನ್ನೇ ತಂದುಕೊಟ್ಟ ಗೆಳೆಯನಿಗೆ, ಸುರಿಯುವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ವಿಶೇಷ ಥ್ಯಾಂಕ್ಸ್.

ಎರಡನೇ ವಾರ ಬೆಳಗಿನ ಐದರವರೆಗೆ ನಿದ್ದೆ ಬಂತು. ಐದನೇ ವಾರ ಅಪ್ಪಯ್ಯ ತಾವಾಗಿಯೇ ಇನ್ನೊಂದು ದೋಸೆ ಕೇಳಿದರು. ಅಮ್ಮ ಒಳಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಮಾತ್ರೆಯಿಂದಲೋ, ಬೆಳಕಿನಿಂದಲೋ, ಅಮ್ಮ ಪೇಪರ್ ಓದಿದ್ದರಿಂದಲೋ, ಬೇರೆ ಮಾಡಿ ಹೇಳಲು ನನ್ನಿಂದ ಆಗದು. ಮಳೆ ಬಿಟ್ಟ ಮೇಲೆ ಡಾಕ್ಟರನ್ನು ಕೇಳಿ ದೀಪ ತೆಗೆದಿಟ್ಟೆವು. ಅಂಗಳದ ಎಳೆಬಿಸಿಲಿಗೇ ಕುರ್ಚಿ ಹಾಕಿದೆವು. ಮಾತ್ರೆ ಇನ್ನೂ ನಡೆಯುತ್ತಿದೆ. ನಿಲ್ಲಿಸುವುದಾದರೆ ಅವರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಮೊನ್ನೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದಿದ್ದ. ಈ ವರ್ಷದ ಮೊದಲ ಔಷಧಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಾನು ಕಲಸುತ್ತಿದ್ದೆ. ಹಿಂದಿನಿಂದ ಕೋಲಿನ ಸದ್ದು ಕೇಳಿತು. ಅಪ್ಪಯ್ಯ ಡ್ರಮ್ಮಿನ ಹತ್ತಿರ ಬಂದು ಎಡಗೈಯಲ್ಲಿ ಕತ್ತಿ ತೆಗೆದುಕೊಂಡು ಔಷಧಿಯಲ್ಲಿ ಅದ್ದಿದರು. ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿದರು. ಅಲಗಿನ ಮೇಲೆ ತೆಳ್ಳಗೆ ಕೆಂಪು ಬಣ್ಣ.

"ಸುಣ್ಣ ಸಾಲದು ಮಾಣಿ," ಅಂದರು. "ಇನ್ನೊಂದು ಸ್ವಲ್ಪ ಹಾಕು."