ಗ್ರೂವ್ ಮೆಟಲ್ ಡ್ರಮ್ಸ್‌ಗೆ ತೂಕ ಎಲ್ಲಿಂದ ಬರುತ್ತದೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗ್ರೂವ್ ಮೆಟಲ್ (ಹೆವಿ ಮೆಟಲ್ ಸಂಗೀತದ ಭಾರವಾದ, ಲಯಪ್ರಧಾನ ಬಗೆ) ಕುರಿತು ಬಂದ ಲೇಖನ ಓದಿ ಖುಷಿಯಾಯಿತು. ಕನ್ನಡ ಪತ್ರಿಕೆಯಲ್ಲಿ ಈ ಸಂಗೀತಕ್ಕೆ ಅರ್ಧ ಪುಟ ಸಿಗುವುದೇ ಅಪರೂಪ. ಆದರೆ ಅಮೆರಿಕದ ಪ್ಯಾಂಟೆರಾ ತಂಡದ 1992ರ ‘ವಲ್ಗರ್ ಡಿಸ್‌ಪ್ಲೇ ಆಫ್ ಪವರ್’ ಆಲ್ಬಮ್ಮಿನ ಡ್ರಮ್ಸ್ ಬಗ್ಗೆ ಬರೆಯುವಾಗ, ಅದರ ಬಲವೆಲ್ಲ ಎರಡೂ ಕಾಲುಗಳ ವೇಗದಲ್ಲಿದೆ, ಕಲಿಯುವವರು ಮೊದಲು ಡಬಲ್ ಪೆಡಲ್ (ಎರಡೂ ಕಾಲಿನಿಂದ ಒಂದೇ ಡ್ರಮ್ ಬಾರಿಸುವ ಜೋಡಿ ಪೆಡಲ್) ಕೊಳ್ಳಬೇಕು ಎಂದು ಲೇಖಕರು ಹೇಳಿದ್ದಾರೆ. ಬೆಳಗಾವಿಯ ಕಾಲೇಜು ಹುಡುಗರು ಈ ಮಾತು ನಂಬಿ ಅಪ್ಪ-ಅವ್ವನ ದುಡ್ಡು ಸುರಿಯುವ ಮೊದಲು ಕೆಲವು ವಿಷಯ ತಿಳಿದಿರಲಿ ಎಂದು ಈ ಪತ್ರ.

ಆ ಆಲ್ಬಮ್ಮಿನ ಡ್ರಮ್ಮರ್ ವಿನ್ನಿ ಪಾಲ್. ಗಿಟಾರ್ ಅವರ ತಮ್ಮ ಡೈಮ್‌ಬ್ಯಾಗ್ ಡ್ಯಾರೆಲ್ ಅವರದು. ಟೆಕ್ಸಾಸ್‌ನ ಪ್ಯಾಂಟಿಗೊ ಸೌಂಡ್ ಸ್ಟುಡಿಯೊದಲ್ಲಿ ನಿರ್ಮಾಪಕ ಟೆರಿ ಡೇಟ್ ಜೊತೆ ಮಾಡಿದ ಧ್ವನಿಮುದ್ರಣ. ಅಣ್ಣ-ತಮ್ಮ ಎಂಬ ವಿಷಯವನ್ನು ಲೇಖಕರು ಮಾಹಿತಿಯಾಗಿ ಹೇಳಿ ಮುಂದೆ ಹೋಗಿದ್ದಾರೆ; ನನಗೆ ಕೇಳಿಸುವುದೆಲ್ಲ ಅಲ್ಲೇ ಇದೆ. ಗಿಟಾರಿನ ಬಲಗೈ ಅಂಗೈಯಿಂದ ತಂತಿ ಒತ್ತಿ ಹಿಡಿದು ‘ಜಗ್’ ಎಂದು ಬಡಿದಲ್ಲೆಲ್ಲ ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಏಟೂ ಬೀಳುತ್ತದೆ. ಗಿಟಾರ್ ಸುಮ್ಮನಾದರೆ ಕಿಕ್ಕೂ ಸುಮ್ಮನೆ. ನಿಮಿಷಕ್ಕೆ 100 ಬೀಟ್ ಲಯದಲ್ಲಿ ಒಂದು ಬೀಟಿನ ಕಾಲು ಭಾಗ ಎಂದರೆ 150 ಮಿಲಿಸೆಕೆಂಡ್. ಕಾಲು ಗಿಟಾರಿಗಿಂತ 30 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಸಾಕು, ಒಂದು ದಪ್ಪ ಏಟಿನ ಬದಲು ಎರಡು ತೆಳ್ಳಗಿನ ಏಟು ಕೇಳಿಸುತ್ತವೆ. ತೂಕ ಹೋಗುವುದು ಅಲ್ಲೇ. ಇದನ್ನು ಸರಿಪಡಿಸುವ ಪೆಡಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈ ಶೈಲಿಯ ಒಂದು ಮುಖ್ಯ ಲೆಕ್ಕವನ್ನು ನಮ್ಮ ಕಡೆಯ ತಬಲಾ ವಿದ್ಯಾರ್ಥಿಗಳು ಬಾಯಲ್ಲೇ ಹೇಳಬಲ್ಲರು. ಕೈಗಳು ನಾಲ್ಕರ ಲೆಕ್ಕದಲ್ಲಿ, ಕಾಲು ಮೂರರ ಲೆಕ್ಕದಲ್ಲಿ. ಒಂದು ಸುತ್ತಿನ 16 ಮಾತ್ರೆಯನ್ನು ‘ತಕಿಟ ತಕಿಟ ತಕಿಟ ತಕಿಟ ತಕಧಿಮಿ’ ಎಂದು ಹೇಳಿ. ಪ್ರತಿ ‘ತ’ಕ್ಕೆ ಕಿಕ್, ಅಂದರೆ 1, 4, 7, 10, 13ನೇ ಮಾತ್ರೆಗೆ. ಬಲಗೈ ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ತಟ್ಟೆ) ಮೇಲೆ 1, 5, 9, 13ಕ್ಕೆ. ಸ್ನೇರ್ (ಎಡಗೈ ಬಾರಿಸುವ, ತಳದಲ್ಲಿ ತಂತಿಗಳಿರುವ ಡ್ರಮ್) 5 ಮತ್ತು 13ಕ್ಕೆ. ಹಾಗಾಗಿ ಮೊದಲ ಸ್ನೇರ್ ಎರಡನೇ ತಕಿಟದ ‘ಕಿ’ ಮೇಲೆ, ಕಿಕ್ ಬಿದ್ದ ಮರುಮಾತ್ರೆಗೇ ಬರುತ್ತದೆ. ಎಲ್ಲರೂ ಎಡವುವ ಜಾಗ ಇದೇ: ಕಾಲು 4ಕ್ಕೆ ಬಿದ್ದೊಡನೆ ಎಡಗೈ ತಾನೇ ಅದರ ಜೊತೆ ಇಳಿದುಬಿಡುತ್ತದೆ, ಸ್ನೇರ್ ಒಂದು ಮಾತ್ರೆ ಮುಂಚೆ ಬಂದು ಸುತ್ತು ಕುಂಟುತ್ತದೆ. ಲಯ ಎಣಿಸುವ ಮೆಟ್ರೊನೋಮ್ 60ಕ್ಕಿಟ್ಟು, ಮೊದಲು ಬಾಯಲ್ಲಿ ಬೋಲು ಹೇಳುತ್ತ ಬಲಗೈ ಮಾತ್ರ ಆಡಿಸಿ. ಆಮೇಲೆ ಕಾಲು ಸೇರಿಸಿ. ಸ್ನೇರ್ ಕೊನೆಗೆ. ಬೋಲು ನಿಲ್ಲಿಸದೆ ನಾಲ್ಕು ಸುತ್ತು ಸರಿಯಾಗಿ ಬರುವವರೆಗೆ ಲಯ ಏರಿಸಬೇಡಿ. 13ಕ್ಕೆ ಕಿಕ್ ಮತ್ತು ಸ್ನೇರ್ ಒಟ್ಟಿಗೆ ಬೀಳುತ್ತವೆ. ಅಲ್ಲಿ ಕಿಕ್ ಬಿಟ್ಟು ನೋಡಿ, ಸ್ನೇರ್ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ.

ಇದೇ ಸುತ್ತಿನಲ್ಲಿ ಸ್ನೇರನ್ನು 9ಕ್ಕೆ ಮಾತ್ರ ಇಟ್ಟರೆ ಹಾಫ್-ಟೈಮ್. ಲಯ ಬದಲಾಗಿಲ್ಲ, ಆದರೂ ಹಾಡು ಅರ್ಧ ವೇಗಕ್ಕೆ ಇಳಿದಂತೆ ಭಾರವಾಗುತ್ತದೆ. ಇದಕ್ಕೆಲ್ಲ ಒಂದೇ ಪೆಡಲ್ ಸಾಕು. ಎರಡನೇ ಕಾಲು ಬೇಕಾಗುವುದು ನಾಲ್ಕೋ ಆರೋ ಏಟಿನ ಸಣ್ಣ ಸರಣಿಗೆ, ಗಿಟಾರ್ ಕೂಡ ಅಷ್ಟೇ ಏಟು ಬಾರಿಸುವಾಗ. ಇಡೀ ಹಾಡಿಗೆ ಎರಡೂ ಕಾಲು ಓಡಿಸಿದರೆ ಗ್ರೂವ್ ಎಂಬುದು ಉಳಿಯುವುದಿಲ್ಲ. ಅದು ಬೇರೆ ಜಾತಿಯ ಮೆಟಲ್.

ಅಷ್ಟಾದ ಮೇಲೂ ಡಬಲ್ ಪೆಡಲ್ ಕೊಳ್ಳುವವರು, ವಿಶೇಷವಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಮೊದಲು ನೋಡಬೇಕಾದ್ದು ಎರಡು ಪೆಡಲ್‌ಗಳನ್ನು ಜೋಡಿಸುವ ಸರಳು, ಅಂದರೆ ಡ್ರೈವ್‌ಶಾಫ್ಟ್. ಎಡ ಬೀಟರನ್ನು (ಡ್ರಮ್ಮಿಗೆ ಬಡಿಯುವ ಸುತ್ತಿಗೆ) ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಶಾಫ್ಟ್ ತಿರುಗಿಸಲು ನೋಡಿ. ಕೀಲುಗಳಲ್ಲಿ ಸ್ವಲ್ಪ ಆಟ ಇದ್ದರೂ ಎಡಗಾಲಿನ ಏಟು ಅಷ್ಟು ತಡವಾಗಿ ಬೀಳುತ್ತದೆ, ನೀವು ಎಷ್ಟೇ ಅಭ್ಯಾಸ ಮಾಡಿದರೂ. ಶಾಫ್ಟ್ ಆದಷ್ಟು ನೆಲಕ್ಕೆ ಸಮಾನಾಂತರವಾಗಿ ಕೂರಲಿ. ಡ್ರಮ್ಮಿನ ನಟ್ಟನಡು ಎರಡು ಬೀಟರ್‌ಗಳ ಮಧ್ಯೆ ಬರಬೇಕು. ಬಲ ಬೀಟರನ್ನೇ ನಡುವಿಗೆ ಇಟ್ಟರೆ ಎಡದ್ದು ಅಂಚಿಗೆ ಹೋಗಿ ಅದರ ದನಿ ಬೇರೆಯಾಗುತ್ತದೆ. ಸ್ಪ್ರಿಂಗ್ ಸರಿಯಿದೆಯೇ ಎಂದು ತಿಳಿಯಲು ಎರಡೂ ಬೀಟರ್‌ಗಳನ್ನು ಒಂದೇ ಸಲ ಹಿಂದಕ್ಕೆಳೆದು ಬಿಡಿ. ಎರಡೂ ಒಂದೇ ಗತಿಯಲ್ಲಿ ತೂಗಬೇಕು. ಶಾಫ್ಟಿನ ಭಾರದಿಂದ ಎಡದ್ದು ಸಾಮಾನ್ಯವಾಗಿ ಮಂದ, ಅಲ್ಲಿ ಸ್ಪ್ರಿಂಗ್ ತುಸು ಬಿಗಿ ಮಾಡಿ. ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ: ಎಡಗಾಲು ಕಿಕ್ಕಿಗೆ ಹೋದಾಗ ಹೈ-ಹ್ಯಾಟ್ ಬಾಯಿ ತೆರೆದು ಚೆಲ್ಲಾಡುತ್ತದೆ. ಅದನ್ನು ಮುಚ್ಚಿಡಲು ಡ್ರಾಪ್ ಕ್ಲಚ್ ಎಂಬ ಸಣ್ಣ ಭಾಗ ಬೇಕು, ಕೋಲಿನಿಂದ ತಟ್ಟಿದರೆ ಮೇಲಿನ ತಟ್ಟೆ ಕೆಳಗೆ ಬಿದ್ದು ಕೂರುತ್ತದೆ.

ಏಟು ಹೊಡೆದ ಮೇಲೆ ಬೀಟರನ್ನು ಹೆಡ್ಡಿಗೆ (ಡ್ರಮ್ಮಿನ ಹೊದಿಕೆಗೆ) ಒತ್ತಿ ಹಿಡಿಯುವವರು ಬಹಳ. ದನಿ ಚಿಕ್ಕದಾಗಿ ಗಟ್ಟಿಯಾಗುತ್ತದೆ ಎಂಬುದು ನಿಜ. ಆದರೆ ಕಾಲು ಸ್ವಲ್ಪ ನಡುಗಿದರೂ ಬೀಟರ್ ಎರಡನೇ ಸಲ ಟಪ್ಪೆಂದು ತಾಗುತ್ತದೆ. ಹಿಮ್ಮಡಿ ಎತ್ತಿ, ತೊಡೆಯಿಂದ ಇಳಿಸಿ, ಪಾದದಿಂದ ಬಿಡಿಸಿಕೊಳ್ಳುವುದನ್ನು ಮೊದಲೇ ರೂಢಿ ಮಾಡಿಕೊಳ್ಳುವುದು ಮೇಲು. ಮೊಳಕಾಲಿಗಿಂತ ತೊಡೆಯ ಬುಡ ತುಸು ಮೇಲಿರುವಷ್ಟು ಸ್ಟೂಲ್ ಎತ್ತರಿಸಿ.

ದುಡ್ಡು ಹಾಕುವುದಾದರೆ ಹೆಡ್‌ಗಳಿಗೆ ಹಾಕಿ. ಕಿಟ್ ಜೊತೆ ಬಂದ ತೆಳು ಹೆಡ್ಡಿನ ಮೇಲೆ ಯಾವ ಪೆಡಲ್ ಇಟ್ಟರೂ ಡಬ್ಬಿ ಬಡಿದಂತೆಯೇ. ಕಿಕ್ಕಿಗೆ ಅಂಚಿನಲ್ಲೇ ದನಿ ಅದುಮುವ ಉಂಗುರವಿರುವ ರೆಮೊ ಪವರ್‌ಸ್ಟ್ರೋಕ್ 3 ಅಥವಾ ಇವಾನ್ಸ್ ಇಮ್ಯಾಡ್ ಬಗೆಯದು. ಹಾಕುವಾಗ ಹೆಡ್ ಬಿಗಿಯುವ ರಾಡ್‌ಗಳನ್ನು ಬೆರಳಲ್ಲಿ ಕೂರಿಸಿ, ಎದುರುಬದುರು ಜೋಡಿಯಾಗಿ ಕಾಲು ಕಾಲು ಸುತ್ತು ತಿರುಗಿಸುತ್ತ ಬನ್ನಿ. ಸುಕ್ಕು ಹೋದ ಮೇಲೆ ಇನ್ನು ಕಾಲು ಸುತ್ತು, ಅಷ್ಟೇ. ಪ್ರೇಕ್ಷಕರ ಕಡೆಯ ಹೆಡ್ಡಿಗೆ 4-5 ಇಂಚಿನ ತೂತು, ನಡುವಿನಿಂದ ಬದಿಗೆ. ಒಳಗೆ ಒಂದು ಸಣ್ಣ ದಿಂಬು, ಎರಡೂ ಹೆಡ್ಡಿಗೆ ತಾಗಿದೆಯೋ ಇಲ್ಲವೋ ಎಂಬಂತೆ. ಕೌದಿಯನ್ನೇ ಮಡಚಿ ತುರುಕಿದರೆ ಗಾಳಿ ಆಡದೆ ಡ್ರಮ್ ಸತ್ತೇ ಹೋಗುತ್ತದೆ. ಈ ಶೈಲಿಗೆ ಬೇಕಾದ ‘ಟಕ್’ ಎಂಬ ಅಂಚು ಬರುವುದು ಉಣ್ಣೆಯ ಬೀಟರ್ ತೆಗೆದು ಪ್ಲಾಸ್ಟಿಕ್ ಅಥವಾ ಮರದ್ದು ಹಾಕಿದಾಗ. ಬೀಟರ್ ಬೀಳುವ ಜಾಗಕ್ಕೆ ಪ್ಯಾಚ್ ಅಂಟಿಸಲೇಬೇಕು, ಇಲ್ಲದಿದ್ದರೆ ಮರ ಹೆಡ್ಡನ್ನು ಹರಿಯುತ್ತದೆ. ನಾಣ್ಯ ಅಂಟಿಸುವ ಹಳೆಯ ಉಪಾಯವೂ ಉಂಟು, ದನಿಯೂ ಬರುತ್ತದೆ, ಆದರೆ ಟೇಪ್ ಸಡಿಲವಾದರೆ ನಾಣ್ಯದ ಅಂಚೇ ಹೆಡ್ಡಿಗೆ ಮಾರಿ.

ಸ್ನೇರಿನ ವಿಷಯ ಚಿಕ್ಕದು. 14 ಇಂಚು ಅಗಲ, ಆರೂವರೆ ಇಂಚು ಅಥವಾ ಅದಕ್ಕೂ ಹೆಚ್ಚು ಆಳ. ಮೇಲೆ ಎರಡು ಪದರದ ಕೋಟೆಡ್ ಹೆಡ್. ಕೆಳಗಿನ ತೆಳು ಹೆಡ್ ಮೇಲಿನದಕ್ಕಿಂತ ಬಿಗಿಯಾಗಿರಬೇಕು. ಅದು ಸಡಿಲವಿದ್ದರೆ ತಂತಿ ಎಷ್ಟು ಎಳೆದರೂ ಸರ್ ಎಂದು ಹರಿದಾಡುತ್ತದೆ. ತಂತಿಯನ್ನೇ ಬಿಗಿದು ಬಿಗಿದು ಸ್ನೇರಿನ ಉಸಿರು ಕಟ್ಟಿಸುವವರೇ ಹೆಚ್ಚು. ಹೊಡೆತ ರಿಮ್‌ಶಾಟ್: ಕೋಲಿನ ತುದಿ ಹೆಡ್ಡಿನ ನಡುವಿಗೂ ಕೋಲಿನ ಮೈ ಡ್ರಮ್ಮಿನ ಅಂಚಿನ ಉಂಗುರಕ್ಕೂ ಒಂದೇ ಕ್ಷಣಕ್ಕೆ. 5ಬಿ ಅಥವಾ 2ಬಿ ಅಳತೆಯ ದಪ್ಪ ಕೋಲು, ಬೇಕಿದ್ದರೆ ತಿರುಗಿಸಿ ಹಿಡಿದು ದಪ್ಪ ತುದಿಯಿಂದ.

ಟಾಮ್‌ಗಳ (ಕಿಟ್‌ನ ಉಳಿದ, ತಂತಿಯಿಲ್ಲದ ಡ್ರಮ್‌ಗಳ) ಬಗ್ಗೆ ಕೇಳಿ ಕಲಿಯಬೇಕೆಂದರೆ ಬ್ರೆಜಿಲ್‌ನ ಸೆಪುಲ್ಟುರಾ ತಂಡದಲ್ಲಿ 2006ರವರೆಗೆ ಬಾರಿಸಿದ ಇಗೊರ್ ಕವಲೆರಾ ಇದ್ದಾರೆ. 1996ರ ‘ರೂಟ್ಸ್’ನಲ್ಲಿ ಟಾಮ್‌ಗಳ ಮೇಲೇ ಗ್ರೂವ್ ಕಟ್ಟಿರುವ ಜಾಗಗಳಿವೆ, ಡೊಳ್ಳು, ಕರಡಿ ಮಜಲು ಕೇಳಿ ಬೆಳೆದ ಕಿವಿಗೆ ಅದನ್ನು ಪರಿಚಯ ಮಾಡಿಸಬೇಕಿಲ್ಲ.

ಬಿಡಿಭಾಗದ ವಿಷಯದಲ್ಲಿ ನಮ್ಮೂರಿಗೇ ಸಂಬಂಧಿಸಿದ ಒಂದು ಎಚ್ಚರಿಕೆ. ರಾಡ್ ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್ ತಿರುಗಿಸುವವರಿದ್ದಾರೆ. ಬಹುತೇಕ ಕಿಟ್‌ಗಳ ಟೆನ್ಷನ್ ರಾಡ್ ಸುಮಾರು 5.5 ಮಿ.ಮೀ. ದಪ್ಪ, ಇಂಚಿಗೆ 24 ಥ್ರೆಡ್. 5 ಮಿ.ಮೀ. ಬೋಲ್ಟ್ ಸಡಿಲವಾಗಿ ಕೂತು ಬಿಗಿ ಹಿಡಿಯುವುದಿಲ್ಲ, 6 ಮಿ.ಮೀ. ಬೋಲ್ಟ್ ಬಲವಂತದಿಂದ ಹೋದರೆ ಲಗ್‌ನೊಳಗಿನ (ರಾಡ್ ಕೂರುವ ಗೂಡಿನ) ನಟ್ ಕೊರೆದು ಹಾಳು ಮಾಡುತ್ತದೆ. ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಲೇಥ್‌ಗಳಲ್ಲಿ ಆಗದ ಕೆಲಸವಿಲ್ಲ. ಹಳೆಯ ರಾಡ್ ಒಂದನ್ನು ಮಾದರಿಗೆ ಒಯ್ದು, ಥ್ರೆಡ್ ಗೇಜ್ ಹಚ್ಚಿಸಿ ಮಾಡಿಸಿಕೊಳ್ಳಿ.

ಕೊನೆಗೆ ಕಾಲೇಜು ಉತ್ಸವಗಳ ಆಯೋಜಕರಿಗೂ ಸೌಂಡ್ ಸಿಸ್ಟಮ್‌ನವರಿಗೂ ಒಂದು ಕೋರಿಕೆ. ಗಣೇಶ ಮೆರವಣಿಗೆಯ ಡಿಜೆಗೆ ಹೊಂದಿಸಿದ ಸಬ್‌ವೂಫರ್ ಮಟ್ಟದಲ್ಲೇ ಮೆಟಲ್ ತಂಡವನ್ನು ವೇದಿಕೆಗೆ ಹತ್ತಿಸಬೇಡಿ. 50 ಹರ್ಟ್ಸ್ ಸುತ್ತಮುತ್ತ ಏರಿಸಿದ ಕಿಕ್ ಅರ್ಧ ಸೆಕೆಂಡ್‌ ಗುಂಯ್‌ಗುಡುತ್ತದೆ; ಏಟುಗಳು 150 ಮಿಲಿಸೆಕೆಂಡಿಗೊಂದು ಬರುವಾಗ ಒಂದರ ಬಾಲ ಮುಂದಿನ ಎರಡು-ಮೂರು ಏಟನ್ನು ನುಂಗುತ್ತದೆ. ಡ್ರಮ್ಮರ್ ಸರಿಯಾಗಿಯೇ ಬಾರಿಸಿದ್ದರೂ ಮೈದಾನದ ಹಿಂದೆ ನಿಂತವರಿಗೆ ಬರೀ ಗದ್ದಲ. ಕಿಕ್ ಚಾನೆಲ್‌ನಲ್ಲಿ 40 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, 60ರಿಂದ 80ರ ನಡುವೆ ಸ್ವಲ್ಪ ಎತ್ತಿ, 350-400ರ ಸುತ್ತ 6 ಡೆಸಿಬೆಲ್‌ನಷ್ಟು ಇಳಿಸಿ, 4,000 ಹರ್ಟ್ಸ್ ಹತ್ತಿರ ಏರಿಸಿ. ಮೈಕ್ ತೂತಿನೊಳಗೆ, ಬೀಟರ್ ಬೀಳುವ ಕಡೆಗೆ ಮುಖ ಮಾಡಿ ಇರಲಿ; ತೂತಿನ ಬಾಯಲ್ಲೇ ಇಟ್ಟರೆ ಗಾಳಿಯ ಹೊಡೆತವೇ ಹೆಚ್ಚು ಕೇಳಿಸುತ್ತದೆ. ಸ್ನೇರಿಗೆ ಶೂರ್ ಎಸ್‌ಎಂ57 ಮೈಕ್ ಇದ್ದರೆ ಬೇರೇನೂ ಹುಡುಕಬೇಕಿಲ್ಲ. ವೇದಿಕೆಯ ಹಲಗೆ ಜಾರುತ್ತದೆ, ಕಿಟ್ ಕೆಳಗೆ ದಪ್ಪ ಜಮಖಾನೆ ಹಾಸಿ, ಕಿಕ್ಕಿನ ಮುಂದೆ ಒಂದು ಮರದ ತುಂಡು ಮೊಳೆ ಹೊಡೆದು ಕೂರಿಸಿ.

ಟ್ರಿಗರ್ (ಏಟನ್ನು ಗ್ರಹಿಸಿ ಎಲೆಕ್ಟ್ರಾನಿಕ್ ದನಿ ಹೊರಡಿಸುವ ಸಾಧನ) ತರುವ ತಂಡಗಳಿದ್ದರೆ ಅದರ ಮಾಸ್ಕ್ ಸಮಯವನ್ನು, ಅಂದರೆ ಒಂದು ಏಟಿನ ನಂತರ ಬೇರೆ ಏಟು ಓದದೆ ಕಾಯುವ ಅವಧಿಯನ್ನು, 50 ಮಿಲಿಸೆಕೆಂಡ್ ಆಸುಪಾಸು ಇಡಿ. ಕಡಿಮೆಯಾದರೆ ನಡುಗಿದ ಬೀಟರಿನ ಎರಡನೇ ತಾಗುವಿಕೆಯನ್ನೂ ಏಟೆಂದು ಓದುತ್ತದೆ, 100 ದಾಟಿಸಿದರೆ ಆರರ ಸರಣಿಯಲ್ಲಿ ನಿಜವಾದ ಏಟುಗಳನ್ನೇ ಬಿಡುತ್ತದೆ. ಇದನ್ನು ಕಾಲಿನ ಏಟಿಗೆ ಹೊಂದಿಸಿ ನೋಡಲು ಐದು ನಿಮಿಷ ಬೇಕು, ಅದು ಪ್ರೇಕ್ಷಕರು ಬರುವ ಮೊದಲೇ ಸಿಗಬೇಕು. ಅತಿಥಿಗಳ ಸನ್ಮಾನ ಮುಗಿದ ಮೇಲಲ್ಲ.

— ಡ್ರಮ್ಸ್ ಶಿಕ್ಷಕ, ಟಿಳಕವಾಡಿ, ಬೆಳಗಾವಿ