ಪಿಯಾನೊ ಕೀ ಸರಿಮಾಡಲು ಗ್ರಿಲ್ ಅಂಗಡಿಯ ಸರಳು ಸಾಕು

ಸಂಪಾದಕರೇ,

ಕೊಡಗಿನ ಹಳೇ ತೋಟದ ಮನೆಗಳಲ್ಲಿ, ಚರ್ಚ್‌ಗಳಲ್ಲಿ ಇನ್ನೂ ಪಿಯಾನೊಗಳಿವೆ. ನಮ್ಮ ಮಳೆಗೆ ಮರ ಉಬ್ಬುತ್ತದೆ, ಒಳಗಿನ ಫೆಲ್ಟ್ (ಒತ್ತಿದ ಉಣ್ಣೆಯ ದಪ್ಪ ಬಟ್ಟೆ) ಥಂಡಿ ಹಿಡಿಯುತ್ತದೆ, ಕೀಗಳು ಒಂದು ಮೇಲೆ ಒಂದು ಕೆಳಗೆ ಆಗುತ್ತವೆ. ಇಷ್ಟಕ್ಕೇ ನಮ್ಮ ಪರಿಚಯದವರೊಬ್ಬರಿಗೆ ರಿಪೇರಿಯವರು ಕೀಬೋರ್ಡನ್ನೇ ಬದಲಿಸಿ ಅಂದರಂತೆ. ಸುಮ್ನೆ ದುಡ್ಡು ದಂಡ.

ಪ್ರತಿ ಕೀ ತಕ್ಕಡಿ ದಂಡಿಗೆಯ ಹಾಗೆ ಮಧ್ಯದ ಪಿನ್ನಿನ ಮೇಲೆ ಆಡುತ್ತದೆ. ಅಲ್ಲಿ ಫೆಲ್ಟ್ ವಾಷರಿನ ಕೆಳಗೆ ಕಾಗದದ ಸಣ್ಣ ಬಿಲ್ಲೆಗಳಿರುತ್ತವೆ. 0.1 ಮಿ.ಮೀ. ಬಿಲ್ಲೆ ಸೇರಿಸಿದರೆ ಕೀಯ ಮುಂದಿನ ತುದಿ ಸುಮಾರು ಅದರ ಎರಡರಷ್ಟು ಏರುತ್ತದೆ, ಕೆಲಸ ಇಷ್ಟೇ. ಆದರೆ ಇದಕ್ಕೆ ತಂತಿಗೆ ಬಡಿಯುವ ಸುತ್ತಿಗೆಗಳಿರುವ ಭಾಗವನ್ನು ಹೊರಗೆ ತೆಗೆಯಬೇಕು, ತೆಗೆದ ಮೇಲೆ ಕೀಯ ಹಿಂಬದಿ ಒತ್ತುವವರು ಯಾರೂ ಇಲ್ಲದೆ ಅದು ಮುಂದಕ್ಕೆ ವಾಲುತ್ತದೆ, ಆಗ ಅಳೆದದ್ದೆಲ್ಲ ಸುಳ್ಳು. ಹಾಗಾಗಿ ಹಿಂಬದಿಗೆ ತೂಕ ಬೇಕು, ಎಲ್ಲ ಕೀಗೂ ಒಂದೇ ತೂಕ.

ಐದು ರೂಪಾಯಿಯ ಹಳೇ ದಪ್ಪ ನಾಣ್ಯ ಪೇರಿಸೋಣ ಅನ್ನಿಸುತ್ತೆ ಅಲ್ವಾ? ಆಗಲ್ಲ. ಅದರ ಅಗಲ 23 ಮಿ.ಮೀ., ಕೀಯ ಹಿಂಬದಿ 14 ಮಿ.ಮೀ. ಕೂಡ ಇರಲ್ಲ, ಪಕ್ಕದ ಕೀಗೆ ತಾಗುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಣ್ಣದೇನೋ ಹೌದು, ಆದರೆ ಸೀಸ ವಿಷ, ಮಕ್ಕಳಿರುವ ಮನೆಗೆ ಬೇಡ. ಕಿಟಕಿ ಗ್ರಿಲ್ ಮಾಡುವ ಅಂಗಡಿಯಲ್ಲಿ 12 ಮಿ.ಮೀ. ಚೌಕ ಸರಳು ಸಿಗುತ್ತದೆ. ನಾಲ್ಕೂವರೆ ಸೆಂ.ಮೀ. ತುಂಡು ಸುಮಾರು 50 ಗ್ರಾಂ ತೂಗುತ್ತದೆ, ಕೀ ಒತ್ತಲು ಬೇಕಾಗುವ ಭಾರವೂ ಹೆಚ್ಚುಕಮ್ಮಿ ಅಷ್ಟೇ. 52 ತುಂಡಿಗೆ ಎರಡೂವರೆ ಮೀಟರ್ ಸರಳು ಸಾಕು. ಚೂಪು ಅಂಚು ಅರದಿಂದ ಉಜ್ಜಿ, ತುಂಡಿನ ಕೆಳಭಾಗಕ್ಕೆ ಬಟ್ಟೆ ಅಂಟಿಸಿ. ಬಿಳಿ ಕೀ 52 ಮುಗಿದ ಮೇಲೆ ಅವೇ ತುಂಡುಗಳನ್ನು ಕಪ್ಪು 36ಕ್ಕೆ ಇಟ್ಟರಾಯಿತು.

ಎರಡೂ ಕೊನೆಯ ಕೀಗಳನ್ನು ಮೊದಲು ಸರಿ ಮಾಡಿ, ಮೇಲೆ ನೇರ ಪಟ್ಟಿ ಇಟ್ಟು ನಡುವಿನವನ್ನು ಹೊಂದಿಸಿ. ಬಿಲ್ಲೆಗೆ ಜೆರಾಕ್ಸ್ ಕಾಗದ ಆಗುತ್ತೆ, ಜಾಸ್ತಿ ಬೇಕಾದ ಕಡೆ ಮದುವೆ ಕಾರ್ಡ್. ಕೀ ತೆಗೆದಾಗ ಅದರ ಮೇಲೆ ಒತ್ತಿರುವ ನಂಬರ್ ನೋಡಿ ಅದೇ ಜಾಗಕ್ಕೆ ಹಾಕಿ. ಮರವನ್ನು ಮಾತ್ರ ಯಾರು ಹೇಳಿದರೂ ಕೆರೆಯಬೇಡಿ. ಆಮೇಲೆ, ಜುಲೈನಲ್ಲಿ ಕೈ ಹಾಕಬೇಡಿ. ಮಳೆ ನಿಂತು ಮರ ಒಣಗಲಿ, ಡಿಸೆಂಬರ್ ಜನವರಿಯಲ್ಲಿ ನೋಡಿದರೆ ಅರ್ಧ ಕೀಗಳು ತಾವೇ ಸರಿಯಾಗಿರಲೂಬಹುದು.

— ಓದುಗ, ಮಡಿಕೇರಿ